ಬೆಟ್ಟವೇರಿದ ಹಲ್ಲುಗಾಲಿ

ಬಿಡಾರ ಊರಿನಲ್ಲಿ, ಹಗಲು ಬೆಟ್ಟದ ಮೇಲೆ, ಸಂಜೆಗೆ ಮತ್ತೆ ಊರಿಗೆ. ಇಂಥ ರಜೆಗೆ ಸ್ವಿಟ್ಜರ್‌ಲೆಂಡಿನ ಲೂಸರ್ನ್ ಹಳೆಯ ಮೇಲ್ಪಂಕ್ತಿ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ 1868ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಬೇಸಿಗೆ ಮುಗಿಯುವ ಹೊತ್ತಿಗೆ, ‘ಕೆಂಟ್‌ನ ಕೌಂಟೆಸ್’ ಎಂಬ ಮರೆಹೆಸರಿನಲ್ಲಿ ಇಲ್ಲಿ ತಂಗಿದ್ದಳು. ಕುದುರೆಯೇರಿ ಪಿಲಾಟಸ್ ಬೆಟ್ಟವನ್ನೂ ನೋಡಿಬಂದಳು.

ಆಗ ಎದುರಿನ ರಿಗಿ ಬೆಟ್ಟಕ್ಕೆ ಕಾಲ್ನಡಿಗೆಯೋ ಕುದುರೆಯೋ ಗತಿ. ಅನುಕೂಲಸ್ಥರನ್ನು ಕೂಲಿಯಾಳುಗಳು ಕುರ್ಚಿಯಲ್ಲಿ ಹೊತ್ತೊಯ್ಯುತ್ತಿದ್ದರು. ಹೆಚ್ಚಿನವರು ತುದಿಯ ಹೋಟೆಲಿನಲ್ಲಿ ರಾತ್ರಿ ಕಳೆದು, ಸೂರ್ಯೋದಯ ನೋಡಿ ಇಳಿಯುತ್ತಿದ್ದರು.

1871ರಲ್ಲಿ ಇದು ಬದಲಾಯಿತು. ಎಂಜಿನಿಯರ್ ನಿಕ್ಲಾಸ್ ರಿಗೆನ್‌ಬಾಕ್ ಹಳಿಗಳ ನಡುವೆ ಹಲ್ಲುಪಟ್ಟಿ ಕೂರಿಸಿದ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೇರಿತು. ಅದು ಯೂರೋಪಿನ ಮೊದಲ ಬೆಟ್ಟದ ಹಲ್ಲುರೈಲು. ಲೂಸರ್ನಿನಿಂದ ಹಡಗು, ದಡದಿಂದ ರೈಲು: ಬೆಟ್ಟ ಒಂದು ಹಗಲಿನ ಮಾತಾಯಿತು. 1889ರಲ್ಲಿ ಪಿಲಾಟಸ್‌ಗೂ ರೈಲು ಬಂತು.

ಹೊರುವವರ ಹೆಗಲಿನ ಭಾರ ಇಳಿಯಿತು. ಜೊತೆಗೆ ಅವರ ಕೂಲಿಯೂ ಹೋಯಿತು.