ಮೂರು ಬ್ಯಾಟಿನ ತಂಡ

ಅಕ್ಕಾರ, ವೈನ್ಯಾರ, ಈ ಸಲ ಉಪ್ಪಿನಕಾಯಿ ಇಲ್ಲ, ಹಬ್ಬದ ಅಡಿಗಿ ಇಲ್ಲ. ಕ್ರಿಕೆಟ್ ಬಗ್ಗೆ ಬರೀಲಿಕ್ಕೆ ಕೂತೀನಿ. "ಇಕಿಗೇನಾತು ಈ ವಯಸ್ಸಿನಾಗ" ಅಂತ ನಗಬ್ಯಾಡ್ರಿ. ಗಂಡಸರ ಕ್ರಿಕೆಟ್ ಇತಿಹಾಸ ನಮ್ಮ ಮನ್ಯಾಗ ಎಲ್ಲಾರಿಗೂ ಬಾಯಿಪಾಠ ಅದ. 1983ರಾಗ ಕಪಿಲ್ ದೇವ್ ಹಿಂದಕ್ಕ ಓಡಿ ಹಿಡಿದ ಕ್ಯಾಚಿನ ಕತಿ ಕೇಳಿ ಕೇಳಿ, ಚಹಾ ಸೋಸ್ಕೋತನೂ ನಾವು ಹೇಳಬಹುದು. ನಾನು ಹೇಳೂದು ಹೆಣ್ಣಮಕ್ಕಳ ಕ್ರಿಕೆಟ್ ಕತಿ. ಅದು ಯಾರಿಗೂ ಬಾಯಿಪಾಠ ಇಲ್ಲ.

ಮೊದಲ ಒಂದು ಮಾತು. ಕ್ರಿಕೆಟ್ಟಿನ ವರ್ಲ್ಡ್ ಕಪ್ ಮೊದಲ ಆಡಿದವರು ಹೆಣ್ಣಮಕ್ಕಳು. 1973ರಾಗ ಇಂಗ್ಲೆಂಡಿನಾಗ ಅದು ನಡೀತು. ಗಂಡಸರದು ಶುರು ಆಗಿದ್ದು 1975ಕ್ಕ. ಇದನ್ನ ನಮ್ಮ ಮನ್ಯಾಗ ಹೇಳಿದಾಗ ಒಬ್ಬರೂ ನಂಬಲಿಲ್ಲ. ಮೊಬೈಲ್ ತಗದು ನೋಡಿದ್ರು, ಸುಮ್ಮನಾದ್ರು.

ಅದ 1973ರಾಗನ ನಮ್ಮ ದೇಶದಾಗ ಹೆಣ್ಣಮಕ್ಕಳ ಕ್ರಿಕೆಟ್ ಸಂಘ ಹುಟ್ಟಿತು. ಲಖನೌದಾಗ ಮಹೇಂದ್ರ ಕುಮಾರ್ ಶರ್ಮಾ ಅನ್ನೋರು ಅದನ್ನ ಕಟ್ಟಿದ್ರು. ಪುಣೆದಾಗ ಮೊದಲ ರಾಜ್ಯ-ರಾಜ್ಯದ ಪಂದ್ಯಾವಳಿ ಆದಾಗ ಬಂದಿದ್ದು ಮೂರ ತಂಡ: ಮುಂಬೈ, ಮಹಾರಾಷ್ಟ್ರ, ಉತ್ತರ ಪ್ರದೇಶ. ಮೂರು ವರ್ಷಕ್ಕ, 1976ರ ಅಕ್ಟೋಬರ್ 31ಕ್ಕ, ಭಾರತದ ಹೆಣ್ಣಮಕ್ಕಳು ವೆಸ್ಟ್ ಇಂಡೀಸ್ ಎದುರಿಗೆ ತಮ್ಮ ಮೊದಲ ಟೆಸ್ಟ್ ಆಡಿದ್ರು. ಎಲ್ಲಿ ಅಂತೀರಿ? ನಮ್ಮ ಬೆಂಗಳೂರಾಗ. ನಾಯಕಿನೂ ಬೆಂಗಳೂರಾಕಿನ, ಶಾಂತಾ ರಂಗಸ್ವಾಮಿ. ನವೆಂಬರದಾಗ ಪಟ್ನಾದಾಗ ಮೊದಲ ಗೆಲುವೂ ಬಂತು. ಮೈದಾನ ತುಂಬ ಮಂದಿ. ಮುಂದಿನ ವರ್ಷ ನ್ಯೂಜಿಲೆಂಡಿನ ಡನೆಡಿನ್‌ನಾಗ ಶಾಂತಾ 108 ರನ್ ಹೊಡದ್ರು. ನಮ್ಮ ದೇಶದ ಹೆಣ್ಣಮಗಳೊಬ್ಬಳು ಟೆಸ್ಟಿನಾಗ ಹೊಡೆದ ಮೊದಲ ಶತಕ ಅದು. ಕ್ರಿಕೆಟ್ಟಿಗೆ ಅರ್ಜುನ ಪ್ರಶಸ್ತಿ ಪಡೆದ ಮೊದಲ ಹೆಣ್ಣಮಗಳೂ ಅವರ. ಆವಾಗ ನಾನು ಪಾಟಿ ಹಿಡಕೊಂಡು ಒಂದನೇತ್ತಾ ಹೋಗ್ತಿದ್ದೆ. ನಮಗ ಸಾಲ್ಯಾಗ ಝಾನ್ಸಿ ರಾಣಿ, ಕಿತ್ತೂರ ಚನ್ನಮ್ಮ ಹೇಳಿಕೊಟ್ರು. ಶಾಂತಾ ರಂಗಸ್ವಾಮಿ ಹೆಸರು ಯಾರೂ ಹೇಳಲಿಲ್ಲ.

ಇನ್ನ ಇವರು ಹೆಂಗ ಆಡಿದ್ರು ಅನ್ನೂದು ಕೇಳ್ರಿ. ರೈಲಿನಾಗ ರಿಸರ್ವೇಶನ್ ಇಲ್ಲದ ಡಬ್ಬ್ಯಾಗ ಹೋಗೂದು. ಹಾಸಿಗಿ ಸುರುಳಿ ತಮ್ಮದ ತಾವ ಹೊತ್ತುಕೊಳ್ಳೋದು. ಬೆನ್ನಿಗೆ ಆಟದ ಸಾಮಾನು, ಕೈಯಾಗ ಸೂಟಕೇಸು. ಇಳಕೊಳ್ಳೂದು ಯಾವುದರೆ ಹಾಲಿನಾಗ, ಇಪ್ಪತ್ತು ಮಂದಿಗೆ ನಾಕ ಪಾಯಖಾನಿ. ಇದನ್ನ ಆ ಸಂಘದ ಕೆಲಸ ಮಾಡಿದ ನೂತನ್ ಗಾವಸ್ಕರ್ ಅವರ ಆಮ್ಯಾಲೆ ಹೇಳಿದ್ರು. ಹೌದ್ರಿ, ಸುನಿಲ್ ಗಾವಸ್ಕರನ ತಂಗಿ. ತಮ್ಮನ್ನ ಅಣ್ಣನ ಹೆಸರಿಂದ ಗುರುತಿಸಬೇಕಾಗೇದಲ್ಲಾ, ಅದೂ ಒಂದು ಇತಿಹಾಸನ.

ಅವರು ಹೇಳಿದ್ದರಾಗ ನನ್ನ ಮನಸ್ಸಿಗೆ ಹತ್ತಿದ್ದು ಬ್ಯಾಟಿನ ಮಾತು. ತಂಡಕ್ಕ ಮೂರ ಬ್ಯಾಟು. ಮೊದಲ ಆಡೋ ಇಬ್ಬರಿಗೆ ಎರಡು, ಮೂರನೇದಾಕಿಗೆ ಒಂದು. ಒಬ್ಬಾಕಿ ಔಟಾಗಿ ಬಂದಳು ಅಂದ್ರ ಅಕಿ ಬ್ಯಾಟು, ಕಾಲಿನ ಪ್ಯಾಡು ನಾಕನೇದಾಕಿಗೆ. ನಮಗ ಇದು ಹೊಸಾದೇನಲ್ಲ. ಅಕ್ಕನ ಲಂಗ ತಂಗಿಗೆ, ತಂಗಿ ಪುಸ್ತಕ ಮತ್ತೊಬ್ಬ ತಂಗಿಗೆ, ಹಿಂಗ ಬೆಳೆದವರು ನಾವೂ. ಆದ್ರ ದೇಶದ ಹೆಸರಿಲೆ ಆಡೋ ತಂಡಕ್ಕ ಹಿಂಗಿತ್ತು ಅಂದ್ರ ಹೊಟ್ಟಿ ಉರಿತದ.

1982ರಾಗ ವರ್ಲ್ಡ್ ಕಪ್ ನ್ಯೂಜಿಲೆಂಡಿನಾಗ. ಹೋಗಬೇಕಂದ್ರ ತಲಾ 10,000 ರೂಪಾಯಿ ಕಟ್ಟ್ರಿ ಅಂದ್ರು. ಆವಾಗಿನ ಹತ್ತು ಸಾವಿರ! ಮುಂಬೈ ಕಡೆ ನಾಕ ಹುಡಿಗ್ಯಾರದನ್ನ ಅಲ್ಲಿನ ಮುಖ್ಯಮಂತ್ರಿ ಅಂತುಳೆ ಕೊಡಿಸಿದ್ರು ಅಂತ ಡಯಾನಾ ಎಡುಲ್ಜಿ ಹೇಳ್ಯಾರ. ಪರದೇಶಕ್ಕ ಹೋದಾಗ ಹೋಟೆಲ್ ಬದಲಿ ಅಲ್ಲಿದ್ದ ನಮ್ಮ ದೇಶದವರ ಮನ್ಯಾಗ ಉಳಕೋತಿದ್ರು. ಯಾವ ಮನೀ ಅವ್ವಂದ್ರು ಅವರಿಗೆ ಅನ್ನ-ಸಾರು ಮಾಡಿ ಹಾಕಿದ್ರೋ, ಅವರ ಹೆಸರು ಯಾವ ಸ್ಕೋರ್ ಕಾರ್ಡಿನಾಗೂ ಇಲ್ಲ. 1988ರ ವರ್ಲ್ಡ್ ಕಪ್ಪಿಗಂತೂ ನಮ್ಮ ತಂಡ ಹೋಗಲೇ ಇಲ್ಲ. 1986ರಿಂದ 1991ರ ತನಕ ಒಂದ ಟೆಸ್ಟೂ ಇಲ್ಲ. ಇಪ್ಪತ್ತರ ಹುಡುಗಿಗೆ ನಾಕೈದು ವರ್ಷ ಹೋತು ಅಂದ್ರ ಏನು ಉಳೀತು ಹೇಳ್ರಿ? ಅಷ್ಟೊತ್ತಿಗೆ ಮನ್ಯಾಗ ವರ ನೋಡಿರ್ತಾರ.

ಹಂಗಾದ್ರ ಆಡಿದವರು ಹೊಟ್ಟಿಗೇನು ಮಾಡಿದ್ರು? ನೌಕರಿ. ಶಾಂತಾ ರಂಗಸ್ವಾಮಿ ಕೆನರಾ ಬ್ಯಾಂಕಿನಾಗ. ಡಯಾನಾ ಎಡುಲ್ಜಿ ರೈಲ್ವೆದಾಗ. ಡಯಾನಾ ಬಗ್ಗೆ ನನಗ ಭಾಳ ಗೌರವ ಯಾಕಂದ್ರ, ತಾನು ಒಳಗ ಹೋಗಿ ಬಾಗಲಾ ಹಾಕ್ಕೊಳ್ಳಲಿಲ್ಲ. ಉಳಿದ ಹುಡಿಗ್ಯಾರಿಗೂ ರೈಲ್ವೆದಾಗ ಕೆಲಸ ಸಿಗೂಹಂಗ ಓಡಾಡಿದ್ಲು. ಮಿಥಾಲಿ ರಾಜ್ ರೈಲ್ವೆ, ಜೂಲನ್ ಗೋಸ್ವಾಮಿ ಏರ್ ಇಂಡಿಯಾ. ನನ್ನ ಕೇಳಿದ್ರ, ಈ ಆಟಾ ಉಳದಿದ್ದು ಕಪ್ಪಿನಿಂದಲ್ಲ, ತಿಂಗಳ ಪಗಾರದಿಂದ. ಪಗಾರ ತರೋ ಮಗಳಿಗೆ "ಆಟಾ ಬಿಡು" ಅಂತ ಹೇಳಲಿಕ್ಕೆ ಮನ್ಯಾಗ ಯಾರಿಗೂ ಬಾಯಿ ಬರೂದಿಲ್ಲ.

ನಮ್ಮ ನಾದಿನಿ ಮಗಳು ಖೋಖೋದಾಗ ರಾಜ್ಯ ಮಟ್ಟಕ್ಕ ಹೋದಾಕಿ. ಪಿಯುಸಿ ಆದಮ್ಯಾಲೆ ಬಿಡಿಸಿದ್ರು. ಆಟದ ಸರ್ಟಿಫಿಕೇಟಿಗೆ ನೌಕರಿ ಸಿಗತದ ಅಂತ ಹೇಳೋರು ಒಬ್ಬರೂ ಇದ್ದಿದ್ದಿಲ್ಲ. ಈಗ ಅವು ಟ್ರಂಕಿನಾಗ, ಲಗ್ನದ ಸೀರಿ ಕೆಳಗ ಅವ.

2005ರಾಗ ಮಿಥಾಲಿ ತಂಡ ಫೈನಲ್ ತನಕ ಹೋಗಿ ಆಸ್ಟ್ರೇಲಿಯಾಕ್ಕ ಸೋತು ಬಂತು. ಸಿಕ್ಕಿದ್ದು ಒಂದು ಮ್ಯಾಚಿಗೆ 1,000 ರೂಪಾಯಿ. ಮುಂದಿನ ವರ್ಷ, 2006ರಾಗ, ಗಂಡಸರ ಕ್ರಿಕೆಟ್ ಮಂಡಳಿನ ಹೆಣ್ಣಮಕ್ಕಳ ಆಟಾನೂ ತಗೊಂಡಿತು. ರೈಲಿನ ಡಬ್ಬಿ ಹೋಗಿ ವಿಮಾನ ಬಂತು, ಆದ್ರ ಮಂದಿ ಟಿವಿ ಹಚ್ಚಿ ನೋಡಿದ್ದು 2017ರಾಗ.

ಆ ವರ್ಷದ ನ್ಯೂಜಿಲೆಂಡ್ ಮ್ಯಾಚ್ ನೆನಪದ ಏನ್ರಿ? ಸೋತ್ರ ಮನೀಗೆ ಅನ್ನೋ ಮ್ಯಾಚ್. ಮಿಥಾಲಿ 109 ಹೊಡದ್ಲು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲಿಗೆ 70. ಆಮ್ಯಾಲೆ ನಮ್ಮ ವಿಜಾಪುರದ ಹುಡುಗಿ ರಾಜೇಶ್ವರಿ ಗಾಯಕವಾಡ್ ಬಂದ್ಲು. ಎಡಗೈ ಸ್ಪಿನ್ನು, 15 ರನ್ ಕೊಟ್ಟು ಐದು ವಿಕೆಟ್. ಎದುರಿನವರು 79ಕ್ಕ ಆಲೌಟ್. ಜ್ವಾಳದ ರೊಟ್ಟಿ ತಿಂದ ಕೈ ಅಂತ ನಾನು ಅಡಿಗಿ ಮನ್ಯಾಗ ಒಬ್ಬಾಕಿನ ಕುಣದಿದ್ದೆ. ಫೈನಲ್ ಲಾರ್ಡ್ಸಿನಾಗ 9 ರನ್ನಿನಿಂದ ಹೋತು, ಅದನ್ನ ಬಿಡ್ರಿ.

ಕತಿ ಇರೂದು ಆಮ್ಯಾಲೆ. ರಾಜೇಶ್ವರಿ ತಂದಿ 2014ರಾಗ ತೀರಿಕೊಂಡಿದ್ರು. ಮನೀ ಭಾರ ಎಲ್ಲಾ ಈ ಹುಡುಗಿ ಮ್ಯಾಲೆ. ವರ್ಲ್ಡ್ ಕಪ್ ಆಡಿ ಬಂದಮ್ಯಾಲೆ ಸನ್ಮಾನ ಆತು, ಮಂತ್ರಿಗಳೊಬ್ಬರು ಕಾರು ಕೊಡ್ತೀವಿ ಅಂದ್ರು. ಅಕಿ ಏನಂದ್ಲು ಗೊತ್ತದ? ಕಾರು ಬ್ಯಾಡ್ರಿ, ಮನೀ ಬೇಕು, ನಮ್ಮವ್ವ-ತಮ್ಮ-ತಂಗಿ ಇರ್ಲಿಕ್ಕೆ ಮನೀ ಬೇಕು ಅನ್ನೋ ಅರ್ಥದಾಗ ಹೇಳಿದ್ಲು. ಪೇಪರಿನಾಗ ಇದನ್ನ ಓದಿದಾಗ ಕೆಲವರು "ಕೊಟ್ಟಿದ್ದು ತಗೋಬಾರದೇನು, ಸೊಕ್ಕು" ಅಂದ್ರು. ಸೊಕ್ಕಲ್ರಿ ಅದು. ಮನೀ ನಡಸಿದವರಿಗೆ ಗೊತ್ತಿರತದ. ಕಾರಿಗೆ ಎಣ್ಣಿ ಹಾಕಬೇಕು, ನಿಲ್ಲಸ್ಲಿಕ್ಕೆ ಜಾಗ ಬೇಕು, ಮತ್ತ ಬಾಡಗಿ ಅಂತೂ ತಿಂಗಳಾ ಕೊಡಬೇಕು. ಅಷ್ಟು ಮಂದಿ ಮುಂದ, ಮಂತ್ರಿ ಮುಂದ, ಸಣ್ಣ ವಯಸ್ಸಿನಾಗ "ಇದಲ್ಲ, ಅದು ಬೇಕು" ಅನ್ನಲಿಕ್ಕೆ ಐದು ವಿಕೆಟ್ ತಗೊಳ್ಳೂದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

2022ರ ಅಕ್ಟೋಬರದಾಗ ಮ್ಯಾಚಿನ ರೊಕ್ಕ ಗಂಡಸರಿಗೂ ಹೆಂಗಸರಿಗೂ ಸಮ ಮಾಡಿದ್ರು: ಟೆಸ್ಟಿಗೆ 15 ಲಕ್ಷ, ಒಂದು ದಿನದ ಮ್ಯಾಚಿಗೆ 6 ಲಕ್ಷ, ಟಿ20ಗೆ 3 ಲಕ್ಷ. ವರ್ಷದ ಕರಾರಿನಾಗ ಮಾತ್ರ ಆವಾಗ ಹೆಣ್ಣಮಕ್ಕಳ ಮ್ಯಾಲಿನ ದರ್ಜೆಗೆ 50 ಲಕ್ಷ, ಗಂಡಸರ ಅದ ದರ್ಜೆಗೆ 5 ಕೋಟಿ. ಸಮ ಅನ್ನೋ ಶಬ್ದ ಓದುವಾಗ ಕನ್ನಡಕ ಹಾಕ್ಕೊಂಡು ಪೂರಾ ಓದಬೇಕು ಅಂತ ನಾನು ಹೇಳೂದು ಅದಕ್ಕ. 2023ಕ್ಕ ಹೆಣ್ಣಮಕ್ಕಳ ಲೀಗ್ ಶುರು ಆತು, 2024ಕ್ಕ ಆರ್‌ಸಿಬಿ ಹುಡಿಗ್ಯಾರು ಕಪ್ ತಂದ್ರು. "ಈ ಸಲ ಕಪ್ ನಮ್ದೆ" ಅಂತ ಅಷ್ಟು ವರ್ಷ ಬಾಯಿ ಬಡಕೊಂಡ್ರಲ್ಲಾ ಗಂಡಸರು, ಅವರ ತಂಡಕ್ಕ ಕಪ್ ಬಂದಿದ್ದು ಅದರ ಮುಂದಿನ ವರ್ಷ.

2025ರ ನವೆಂಬರ್ 2ಕ್ಕ ನವಿ ಮುಂಬೈದಾಗ ದಕ್ಷಿಣ ಆಫ್ರಿಕಾನ 52 ರನ್ನಿನಿಂದ ಸೋಲಿಸಿ ವರ್ಲ್ಡ್ ಕಪ್ ಬಂತು. ಶೆಫಾಲಿ 87, ದೀಪ್ತಿಗೆ ಐದು ವಿಕೆಟ್. ನಮ್ಮ ಕರ್ನಾಟಕದ ಹುಡುಗಿ ಒಬ್ಬಾಕಿನೂ ಆ ತಂಡದಾಗ ಇರಲಿಲ್ಲ ಅಂತ ಸ್ವಲ್ಪ ಕಸಿವಿಸಿ ಆತು, ಖರೆ. ನಡುರಾತ್ರಿ ಆಗಿತ್ತು. ಮನ್ಯಾಗ ಉಳಿದವರೆಲ್ಲಾ ಮಲಗಿದ್ರು. ಕಪ್ ಹಿಡಕೊಂಡು ಈಗಿನ ಹುಡಿಗ್ಯಾರು ಮೈದಾನದಾಗಿದ್ದ ಮಿಥಾಲಿ, ಜೂಲನ್ ಹಂತೇಕ ಹೋದ್ರು. ಅವರ ಕೈಯಾಗ ಕಪ್ ಕೊಟ್ರು. ಒಂದು ಸಾವಿರ ರೂಪಾಯಿಗೆ ಆಡಿದ ಕೈ ಅವು. ಜೂಲನ್ ಅಳ್ಳಿಕ್ಕೆ ಹತ್ತಿದ್ಲು. ನಾನು ಟಿವಿ ಆವಾಜ್ ಕಡಿಮಿ ಮಾಡಿ, ಕೂತ ನೋಡಿದೆ.