‘ಭಯಾನಕ ತುರ್ಕ’ ಎಂಬ ಹೆಸರಿನ ಹಿಂದೆ

ಕುಸ್ತಿಪಟುವನ್ನು ನಾವು ಪೈಲ್ವಾನ್ ಎನ್ನುತ್ತೇವೆ, ತುರ್ಕರು ಪೆಹ್ಲಿವಾನ್ ಎನ್ನುತ್ತಾರೆ. ಎರಡಕ್ಕೂ ಮೂಲ ಒಂದೇ ಪಾರ್ಸಿ ಪದ. ಅಂತಹ ಪೆಹ್ಲಿವಾನರಲ್ಲಿ ಪಶ್ಚಿಮದ ವೃತ್ತಿಪರ ಅಖಾಡಗಳಿಗೆ ಇಳಿದು ಹೆಸರಾದವರು ಯೂಸುಫ್ ಇಸ್ಮಾಯಿಲ್. ತುರ್ಕರಿಗೆ ಅವರು ‘ಕೋಜಾ ಯೂಸುಫ್’, ಅಂದರೆ ಮಹಾ ಯೂಸುಫ್.

1857ರಲ್ಲಿ ಅವರು ಹುಟ್ಟಿದ್ದು ಅಂದು ಉಸ್ಮಾನಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಶುಮೆನ್ ಪ್ರದೇಶದಲ್ಲಿ. ಅದು ಈಗ ಬಲ್ಗೇರಿಯಾದಲ್ಲಿದೆ. ಅವರು ಕಲಿತದ್ದು ಎಣ್ಣೆ ಕುಸ್ತಿ. ಚರ್ಮದ ಚಡ್ಡಿ ತೊಟ್ಟು, ಮೈತುಂಬ ಎಣ್ಣೆ ಬಳಿದುಕೊಂಡು ಆಡುವ ಆಟವಿದು. ಸೆಣಸುವ ಮುನ್ನ ಎದುರಾಳಿಗಳು ಒಬ್ಬರಿಗೊಬ್ಬರು ಎಣ್ಣೆ ಹಚ್ಚುವುದು ಅದರ ಮರ್ಯಾದೆ. 26 ವರ್ಷ ಕಿರ್ಕ್‌ಪಿನಾರ್‌ನ ಅಗ್ರ ಪೆಹ್ಲಿವಾನರಾಗಿದ್ದರೆನ್ನಲಾದ ಕೆಲ್ ಅಲಿಚೊ ಅವರೊಡನೆ 1885ರಲ್ಲಿ ಯೂಸುಫ್ ಗಂಟೆಗಟ್ಟಲೆ ಸೆಣಸಿದರು. ಸೋಲು ಗೆಲುವು ತೀರ್ಮಾನವಾಗಲಿಲ್ಲ. ಆಗ ಹಿರಿಯರೇ ಕಿರಿಯನನ್ನು ಹರಸಿ ಸ್ಥಾನ ಬಿಟ್ಟುಕೊಟ್ಟರೆಂದು ತುರ್ಕರು ಇಂದಿಗೂ ಹೇಳಿಕೊಳ್ಳುತ್ತಾರೆ.

1894ರಲ್ಲಿ ಯೂಸುಫ್ ಪ್ಯಾರಿಸ್‌ಗೆ ಬಂದರು. ಅಲ್ಲಿ ಎಣ್ಣೆಯಿಲ್ಲ, ನಿಯಮಗಳು ಬೇರೆ, ಕುಸ್ತಿ ಟಿಕೆಟಿನ ವ್ಯಾಪಾರ. ಟಿಕೆಟ್ ಮಾರಲು ‘ಭಯಾನಕ ತುರ್ಕ’ ಎಂಬ ಬಿರುದು ಚೆನ್ನಾಗಿ ಒದಗಿತು. 1898ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ಅರ್ನೆಸ್ಟ್ ರೋಬರ್‌ನನ್ನು ವೇದಿಕೆಯಿಂದ ಕೆಳಕ್ಕೆ ತಳ್ಳಿ ಅನರ್ಹರಾದರು. ಅದು ಬಿರುದನ್ನು ಮತ್ತಷ್ಟು ಗಟ್ಟಿಗೊಳಿಸಿತು. ಜೂನ್‌ನಲ್ಲಿ ಶಿಕಾಗೋದಲ್ಲಿ ಹೆಸರಾಂತ ಇವಾನ್ ಲೂಯಿಸ್‌ನನ್ನು ಸೋಲಿಸಿದ್ದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ.

ಮರಳುವಾಗ 1898ರ ಜುಲೈ 4ರಂದು ಅವರಿದ್ದ ಫ್ರೆಂಚ್ ಹಡಗು ‘ಲಾ ಬೂರ್ಗೋನ್’ ಕೆನಡಾದ ಸೇಬಲ್ ದ್ವೀಪದ ಬಳಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ಬಡಿದು ಮುಳುಗಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ಯೂಸುಫ್ ಕೂಡ ಮರಳಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿನ್ನದ ನಾಣ್ಯಗಳ ಭಾರವೇ ಅವರನ್ನು ಮುಳುಗಿಸಿತು, ಇತರರನ್ನು ತಳ್ಳಿ ದೋಣಿಗೆ ನುಗ್ಗಿದರು ಎಂಬ ಕಥೆಗಳು ಹಬ್ಬಿದವು. ಆದರೆ ಆ ದುರಂತದಲ್ಲಿ ಉಳಿದ ಹೆಣ್ಣು ಒಬ್ಬಳೇ. ಬದುಕಿ ಬಂದವರಲ್ಲಿ ಪ್ರಯಾಣಿಕರಿಗಿಂತ ಹಡಗಿನ ಸಿಬ್ಬಂದಿಯೇ ಹೆಚ್ಚು. ಪ್ರಯಾಣಿಕರನ್ನು ದೋಣಿಗಳಿಂದ ಹೊಡೆದು ದೂಡಿದರೆಂಬ ಆರೋಪ ಬಂದದ್ದೂ ಸಿಬ್ಬಂದಿಯ ಮೇಲೆಯೇ.

ಚಿನ್ನದ ಕಥೆಯನ್ನು ಸಾಬೀತುಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ‘ಭಯಾನಕ ತುರ್ಕ’ನಿಗೆ ಅಂತಹ ಸಾವೇ ತಕ್ಕದ್ದೆಂದು ಓದುಗರು ಮೊದಲೇ ನಂಬಿದ್ದರು. ಆ ಬಿರುದನ್ನು ಮುಂದೆ ಎಷ್ಟೋ ಕುಸ್ತಿಪಟುಗಳಿಗೆ ಅಂಟಿಸಲಾಯಿತು. ಎದುರಾಳಿಯ ಬೆನ್ನಿಗೆ ತಾನೇ ಎಣ್ಣೆ ಹಚ್ಚಿ ಕಣಕ್ಕಿಳಿಯುತ್ತಿದ್ದ ಪೆಹ್ಲಿವಾನನನ್ನು ಕಾಣಬೇಕಾದರೆ ಮೊದಲು ಆ ಬಿರುದನ್ನು ಬದಿಗಿಡಬೇಕು.