ಬಲೆ ಆಳನ್ನು ಹಿಡಿಯಿತು, ಅಟ್ಟಣಿಗೆಯನ್ನಲ್ಲ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಗೋಲ್ಡನ್ ಗೇಟ್ ಸೇತುವೆಯನ್ನು ಕ್ಯಾಲೆಂಡರಿನಲ್ಲೋ ಸಿನಿಮಾದಲ್ಲೋ ನೀವು ನೋಡಿರುತ್ತೀರಿ. ಅದರ ಕೆಲಸ ಶುರುವಾದದ್ದು 1933ರಲ್ಲಿ. ಆಗ ಅಲ್ಲಿನ ಗುತ್ತಿಗೆದಾರರ ಬಾಯಲ್ಲಿ ಒಂದು ಲೆಕ್ಕವಿತ್ತು: ಹತ್ತು ಲಕ್ಷ ಡಾಲರ್ ಕೆಲಸಕ್ಕೆ ಒಂದು ಹೆಣ. ಕಬ್ಬಿಣ, ಸಿಮೆಂಟಿನ ಜೊತೆಗೆ ಸಾವನ್ನೂ ಖರ್ಚಿಗೆ ಬರೆದುಕೊಂಡ ಹಾಗೆ!

ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕ ಒಪ್ಪಲಿಲ್ಲ. ಕೆಲಸದವರಿಗೆ ಗಟ್ಟಿ ಟೋಪಿ ಕಡ್ಡಾಯ ಮಾಡಿದರು. ಸೇತುವೆಯ ಅಡಿಗೆ, ಎರಡೂ ಬದಿಗೆ ಹತ್ತಡಿ ಚಾಚಿಕೊಂಡ ಹಗ್ಗದ ಬಲೆ ಕಟ್ಟಿಸಿದರು. ಅದಕ್ಕೆ ಬಿದ್ದ ಖರ್ಚು ಸುಮಾರು 1,30,000 ಡಾಲರ್. ಕಾಲು ಜಾರಿದ 19 ಮಂದಿ ಆ ಬಲೆಗೆ ಬಿದ್ದು ಬದುಕಿದರು. ತಮ್ಮನ್ನು ತಾವೇ 'ನರಕಕ್ಕೆ ಅರ್ಧ ದಾರಿ ಹೋಗಿ ಬಂದವರ ಸಂಘ' ಅಂತ ಕರೆದುಕೊಂಡರು.

ನಾಲ್ಕು ವರ್ಷದ ಹತ್ತಿರ ಹತ್ತಿರ ಸತ್ತದ್ದು ಒಬ್ಬನೇ. ಕೆಲಸ ಮುಗಿಯಲು ಕೆಲವೇ ತಿಂಗಳು ಬಾಕಿ.

1937ರ ಫೆಬ್ರವರಿ 17. ಕಾಂಕ್ರೀಟಿಗೆ ಹಾಕಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಲು ಸೇತುವೆಯ ಅಡಿಯಲ್ಲಿ ಒಂದು ಅಟ್ಟಣಿಗೆ ತೂಗುಹಾಕಿದ್ದರು. ಗಾಲಿಗಳ ಮೇಲೆ ಮುಂದೆ ಸರಿಯುವಂಥದ್ದು, ಟನ್‌ಗಟ್ಟಲೆ ಭಾರ. ಅದನ್ನು ಹಿಡಿದಿದ್ದ ಆಧಾರ ಕಳಚಿತು. ಬಲೆ ಕಟ್ಟಿದ್ದು ಆಳಿನ ಭಾರಕ್ಕೆ, ಅಟ್ಟಣಿಗೆಯ ಭಾರಕ್ಕಲ್ಲ. ಬಲೆಯೇ ಹರಿದುಕೊಂಡು 12 ಜನರ ಸಮೇತ ಸಮುದ್ರಕ್ಕೆ ಹೋಯಿತು. ಉಳಿದವರು ಇಬ್ಬರು. ಸತ್ತ ಹನ್ನೊಂದೂ ಮಂದಿಯ ಹೆಸರಿನ ಫಲಕ ಈಗ ಸೇತುವೆಯಲ್ಲಿದೆ.

ಬಲೆ ದಂಡವಾಯಿತು ಅನ್ನುವವರಿಗೆ ಆ 19 ಮಂದಿಯನ್ನು ತೋರಿಸಬೇಕು. ಆದರೆ ಬಲೆ ಇದೆಯಲ್ಲ ಅಂತ ಮೇಲಿನ ಕೊಕ್ಕೆ, ಬೋಲ್ಟು ನೋಡದೆ ಬಿಟ್ಟರೆ ಬಲೆ ಏನು ಮಾಡೀತು?

ನಮ್ಮ ದೇಶದ ಕಥೆ ಬೇರೆ. 1881ರ ಮೊದಲ ಕಾರ್ಖಾನೆ ಕಾಯ್ದೆಯ ಕಣ್ಣು ಬಿದ್ದದ್ದು ತಿರುಗುವ ಯಂತ್ರದ ಮೇಲೆ: ಅದಕ್ಕೆ ಬೇಲಿ ಹಾಕಿ ಎಂದಿತು. ಸ್ವಾತಂತ್ರ್ಯದ ನಂತರ, 1948ರ ಕಾಯ್ದೆಯ 32ನೇ ಕಲಮು ನೆಲ, ಮೆಟ್ಟಿಲು, ಹತ್ತಿಳಿಯುವ ದಾರಿಯ ಮಾತೆತ್ತಿತು. ಬೀಳಬಹುದಾದ ಎತ್ತರದಲ್ಲಿ ಕೆಲಸವಿದ್ದರೆ ಕಟಕಟೆಯನ್ನೋ ಬೇರೆ ರಕ್ಷಣೆಯನ್ನೋ ಒದಗಿಸಬೇಕು ಎಂಬ ಮಾತೂ ಆ ಕಲಮಿಗೆ ಸೇರಿತು. ಜೊತೆಗೊಂದು ಬಾಲ: 'ಸಾಧ್ಯವಾದ ಮಟ್ಟಿಗೆ'. ಸಕ್ಕರೆ ಕಾರ್ಖಾನೆಯ ಕ್ರೇನ್ ಹಳಿಗೋ ಅಕ್ಕಿ ಗಿರಣಿಯ ಎಲಿವೇಟರಿನ ತಲೆಗೋ ಗ್ರೀಸ್ ಡಬ್ಬಿ ಹಿಡಿದು ಹತ್ತುವ ನಮ್ಮೂರ ಹುಡುಗನ ಪಾಲಿಗೆ ಆ 'ಮಟ್ಟ' ಎಷ್ಟೆಂದು ಅಳೆಯುತ್ತಿದ್ದವರು ಕೆಳಗೆ ನಿಂತವರು.